ಚಿಕೊಂಡಿಯ ಖಾಲಿ ಜಾಗ

ಪೊರಿರುವಾ
೧೪ ಆಗಸ್ಟ್ ೨೦೧೬, ಭಾನುವಾರ

ಪ್ರೀತಿಯ ಧನಂಜಯ,

(ಪ್ರೀತಿಯ ಎನ್ನುವುದು ಅಭ್ಯಾಸಬಲದಿಂದ ಬಂದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ.)

ನೀನು ಈ ಮನೆ ಬಿಟ್ಟು ಲುಸಾಕಾಕ್ಕೆ ಹೋಗಿ ಒಂದೂವರೆ ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ನಾನು ನಿನಗೆ ಬರೆದದ್ದೆಲ್ಲ ಬರೀ ಆಫೀಸಿನ ಇಮೇಲ್. ಚಿಕೊಂಡಿಯ ಚರಂಡಿ, ಚಿಕೊಂಡಿಯ ನೀರಿನ ಪೈಪು, ಚಿಕೊಂಡಿಯ ಶೌಚಾಲಯ. ಗಂಡ ಹೆಂಡತಿ ಬೇರೆಯಾದ ಮೇಲೂ ಒಂದೇ ಕಂಪನಿಯಲ್ಲಿ ಒಂದೇ ಕೊಳೆಗೇರಿಯ ನಕ್ಷೆ ಮಾಡುತ್ತಿರುವವರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು. ಇವತ್ತು ಕಾಗದ ಬರೆಯಲು ಕೂತಿದ್ದೇನೆ, ಯಾಕೆಂದರೆ ಇಮೇಲ್ ಬರೆದರೆ ನೀನು ಅರ್ಧ ಓದುವುದರೊಳಗೆ ಉತ್ತರ ಕಳಿಸಿಬಿಡುತ್ತೀಯ. ಗುರುರಾಜ್ ಮಂಗಳವಾರ ಅಲ್ಲಿಗೆ ಹೊರಡುತ್ತಿದ್ದಾರಲ್ಲ, ಅವರ ಕೈಯಲ್ಲೇ ಕಳಿಸುತ್ತೇನೆ. ನಮ್ಮ ಬಾಸ್ ಇನ್ನೊಬ್ಬರ ಕಾಗದ ಒಡೆದು ಓದುವ ಪೈಕಿಯಲ್ಲ. ಓದಿದರೂ ಓದಲಿ, ಅವರಿಗೂ ಸಲ್ಲಬೇಕಾದ ನಾಲ್ಕು ಮಾತು ಇದರಲ್ಲಿವೆ.

ಇಲ್ಲಿ ಬೆಳಿಗ್ಗೆಯಿಂದ ದಕ್ಷಿಣದ ಚಳಿಗಾಳಿ. ಹೀಟ್ ಪಂಪ್ ಹಾಕಿಕೊಂಡು, ಊಟದ ಮೇಜಿನ ತುಂಬ ಚಿಕೊಂಡಿಯನ್ನು ಹರಡಿಕೊಂಡು ಕೂತಿದ್ದೇನೆ. ಪೂರ್ವಿ ಆಗಲೇ ಎರಡು ಸಲ ಬಂದು ನೋಡಿ ಹೋದಳು. ಅಮ್ಮಾ, ಯು ಆರ್ ಶೌಟಿಂಗ್ ಅಟ್ ಅ ಮ್ಯಾಪ್ ಎಂದಳು. ನಕ್ಷೆಗೆ ಬೈಯುತ್ತಿಲ್ಲ ಕಣೇ, ನಿಮ್ಮಪ್ಪನಿಗೆ ಎಂದೆ. ಓಕೆ, ಸೇಮ್ ಥಿಂಗ್ ಎಂದು ಹೋದಳು.

ವಿಷಯಕ್ಕೆ ಬರುತ್ತೇನೆ. ಈ ಶುಕ್ರವಾರ ನೀನು, ಗುರುರಾಜ್ ಮತ್ತು ಅಲ್ಲಿನ ನಗರಸಭೆಯವರು ಅಂತಿಮ ನಕ್ಷೆಗೆ ಸಹಿ ಹಾಕುತ್ತೀರಿ. ಮುಂದಿನ ವಾರ ಗುತ್ತಿಗೆದಾರ ಜೆಸಿಬಿ ತಂದು ನಿಲ್ಲಿಸುತ್ತಾನೆ. ಆ ನಕ್ಷೆಯ ನಟ್ಟನಡುವೆ, ಎಲ್ಲ ದಾರಿಗಳೂ ಬಂದು ಸೇರುವಲ್ಲಿ, ಸಾರ್ವಜನಿಕ ಶೌಚಾಲಯದ ದೊಡ್ಡ ಕಟ್ಟಡವಿದೆ. ಅದರ ಅಡಿಯ ನೆಲಕ್ಕೆ ನಿನ್ನ ವರದಿ ಕೊಟ್ಟ ಹೆಸರು ಖಾಲಿ ಜಾಗ. ಮರುಸಾಲಿನಲ್ಲಿ, ನಿವಾಸಿಗಳೊಂದಿಗೆ ಸಮಾಲೋಚನೆ ನಡೆದಿದೆ, ಯಾರ ಆಕ್ಷೇಪವೂ ಬಂದಿಲ್ಲ ಎಂದು ಬರೆದಿದ್ದೀಯ. ಶುಕ್ರವಾರಕ್ಕೆ ಮುಂಚೆ ನೀನು ಆ ಎರಡು ಸಾಲುಗಳನ್ನು ವಾಪಸು ತೆಗೆದುಕೊಳ್ಳಬೇಕು. ನನಗೆ ಬೇಕಾದದ್ದು ಇಷ್ಟೇ. ಜನರ ಜೊತೆ ಮಾತಾಡುವ ಕೆಲಸದ ಮುಖ್ಯಸ್ಥ ನೀನು, ನೀನು ಬರೆದರೆ ಮಾತ್ರ ನಕ್ಷೆಯನ್ನು ಮತ್ತೆ ಬಿಚ್ಚುತ್ತಾರೆ. ನಾನು ಬರೆದರೆ ಅದು ಸಮುದ್ರದಾಚೆ ಕೂತ ಹೆಂಗಸೊಬ್ಬಳ ಅಭಿಪ್ರಾಯ ಅಷ್ಟೇ.

ಇದನ್ನು ಇಮೇಲ್‌ನಲ್ಲಿ ಕೇಳಿಯೂ ಆಗಿದೆ. ಮೊದಲನೆಯದಕ್ಕೆ, ಸಭೆಯ ವಿಡಿಯೋ ನೋಡು ಎಂದು ನೀನು ಬರೆದೆ. ನೋಡಿದೆ. ಎರಡನೆಯದಕ್ಕೆ, ಮಳೆಗಾಲಕ್ಕೆ ಮುಂಚೆ ಶೌಚಾಲಯ ಆಗದಿದ್ದರೆ ಮಕ್ಕಳು ಮತ್ತೆ ವಾಂತಿಭೇದಿಗೆ ಸಿಕ್ಕುತ್ತಾರೆ, ಆ ಪಾಪ ನಿನ್ನ ತಲೆಗೆ ಎಂದೆ. ಮೂರನೆಯದಕ್ಕೆ ಉತ್ತರವೇ ಇಲ್ಲ, ಹೆಬ್ಬೆರಳು ಎತ್ತಿದ ಚಿತ್ರವೊಂದು ಬಂತು. ಹೆಬ್ಬೆರಳು! ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ!

ವಿಡಿಯೋ ನೋಡಿದ್ದನ್ನು ಹೇಳುತ್ತೇನೆ. ಚರ್ಚಿನ ಹಾಲ್ ತುಂಬ ಜನ. ನೀನು ಬಿಳಿ ಅಂಗಿ ತೊಟ್ಟು, ಬೆವರು ಒರೆಸಿಕೊಳ್ಳುತ್ತ, ನಕ್ಷೆಯನ್ನು ಗೋಡೆಗೆ ಹಚ್ಚುತ್ತಿದ್ದೀಯ. ಒಪ್ಪಿಗೆಯಿದ್ದರೆ ಹಸಿರು ಚುಕ್ಕಿ ಅಂಟಿಸಿ, ಇಲ್ಲದಿದ್ದರೆ ಕೆಂಪು ಎಂದು ಎಲ್ಲರಿಗೂ ಹೇಳಿದೆ. ಜನ ಉತ್ಸಾಹದಿಂದಲೇ ಬಂದರು. ರಸ್ತೆ ಅಗಲ ಮಾಡುವ ಕಡೆ ಕೆಂಪು, ನೀರಿನ ನಲ್ಲಿಯ ಕಡೆ ಹಸಿರು, ಚರಂಡಿಯ ತಿರುವಿನಲ್ಲಿ ಜಗಳವೇ ಜಗಳ. ನೀನು ತಾಳ್ಮೆಯಿಂದ ಎಲ್ಲರ ಮಾತೂ ಕೇಳಿದೆ, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ನಡುವಿನ ಆ ಜಾಗಕ್ಕೆ ಒಂದು ಚುಕ್ಕಿಯೂ ಬೀಳಲಿಲ್ಲ. ಹಸಿರೂ ಇಲ್ಲ, ಕೆಂಪೂ ಇಲ್ಲ. ಅಷ್ಟು ಬಾಯಿ ಮಾಡುವ ಜನ, ತಮ್ಮ ಊರಿನ ನಟ್ಟನಡುವಿನ ನೆಲದ ಬಗ್ಗೆ ತುಟಿ ಬಿಚ್ಚಲಿಲ್ಲ. ನಿನಗೆ ಅದು ವಿಚಿತ್ರ ಅನ್ನಿಸಲಿಲ್ಲವೇ? ಕೆಂಪಿಲ್ಲ ಎಂದು ಖುಷಿಪಟ್ಟು ಮುಂದಕ್ಕೆ ಹೋದೆ.

ನನಗೂ ಮೊದಲು ಹೊಳೆದಿರಲಿಲ್ಲ. ಚಿಕೊಂಡಿಯ ಉಪಗ್ರಹ ಚಿತ್ರಗಳು ನನ್ನ ಹತ್ತಿರ ಬೇರೆ ಬೇರೆ ತಿಂಗಳಿನವು ಇವೆ. ಒಂದರಲ್ಲಿ ಆ ಜಾಗ ಬರೀ ಕೆಂಪು ಮಣ್ಣು. ಇನ್ನೊಂದರಲ್ಲಿ ನೀಲಿ ತಾಡಪಾಲು, ಸುತ್ತ ಇರುವೆ ಮುತ್ತಿದ ಹಾಗೆ ಜನ, ಪಕ್ಕದಲ್ಲಿ ಹೊಗೆ. ವಾರದ ಸಂತೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಹೋದ ತಿಂಗಳು ನಮ್ಮ ಎದುರು ಮನೆಯ ಸಮೋವಾದ ಸಿನಾಳ ಅಜ್ಜಿ ಹೋಗಿಬಿಟ್ಟರು. ಸಂಜೆಯೊಳಗೆ ಅವರ ಹುಲ್ಲುಹಾಸಿನ ಮೇಲೆ ದೊಡ್ಡ ಟೆಂಟ್ ಎದ್ದಿತು, ಗ್ಯಾರೇಜಿನ ತುಂಬ ಚಾಪೆ, ಬೀದಿಯ ಎರಡೂ ಬದಿ ಕಾರು, ನಮ್ಮ ಗೇಟಿಗೂ ಅಡ್ಡ ಒಂದು ಪಿಕಪ್ ಗಾಡಿ ನಿಂತಿತ್ತು. ದಿನಗಟ್ಟಲೆ ಜನ, ಹಾಡು, ಅಡುಗೆ. ನಾನು ಒಂದು ಪಾತ್ರೆ ಪುಳಿಯೋಗರೆ ಮಾಡಿಕೊಂಡು ಹೋದೆ. ಆ ಟೆಂಟಿನ ಕೆಳಗೆ ಕೂತಾಗ ಥಟ್ಟನೆ ಅರ್ಥವಾಯಿತು. ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿ ಯಾರಾದರೂ ಹೋದರೆ ಶಾಮಿಯಾನ ಹಾಕಿ ರಸ್ತೆಯನ್ನೇ ಕಟ್ಟಿಬಿಡುತ್ತಿರಲಿಲ್ಲವೇ? ಚಿಕೊಂಡಿಯದೂ ಸಂತೆಯಲ್ಲ.

ಎಸ್ನಾತ್ ಬಾಂದಾಳನ್ನು ಕೇಳಿದೆ. ನಿವಾಸಿಗಳ ಕಡೆಯಿಂದ ನಕ್ಷೆ ಪರಿಶೀಲಿಸಲು ನೀನೇ ಗೊತ್ತುಮಾಡಿದ ಹೆಂಗಸು, ವಾರಕ್ಕೊಮ್ಮೆ ಸ್ಕೈಪ್‌ನಲ್ಲಿ ನನ್ನ ಜೀವ ತಿನ್ನುವವಳು. ಅವಳೇನು ದೇವತೆಯಲ್ಲ, ನಿನಗೂ ಗೊತ್ತು. ತನ್ನ ಹೊಲಿಗೆ ಅಂಗಡಿಯ ಮುಂದೆ ಚರಂಡಿ ಬರಬಾರದು ಎಂದು ನನ್ನ ಜೊತೆ ತರಕಾರಿ ಚೌಕಾಸಿ ಮಾಡಿದ ಹಾಗೆ ಮಾಡಿದವಳು. ಅವಳ ತಂಗಿಯ ಮನೆಯನ್ನು ನಾನು ಅಂಗಡಿ ಎಂದು ಗುರುತಿಸಿದ್ದಕ್ಕೆ ಒಂದು ಗಂಟೆ ಬೈದವಳು. ಅಂಥವಳು, ಈ ಜಾಗ ಯಾವುದಕ್ಕೆ ಎಂದು ಕೇಳಿದ ಕೂಡಲೇ ಇಲ್ಲಿ ಕರೆಂಟು ಹೋಗುತ್ತಿದೆ ಎಂದು ಫೋನ್ ಇಟ್ಟಳು. ಮುಂದಿನ ವಾರ ತಾನಾಗಿಯೇ ಕರೆ ಮಾಡಿದಳು. ಅಂಗಡಿಯ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಹೇಳಿದಳು. ಯಾರ ಮನೆಯಲ್ಲಿ ಸಾವಾದರೂ ಕೂರುವುದು ಅಲ್ಲಿಯೇ ಅಂತೆ. ಮನೆಗಳು ಇಕ್ಕಟ್ಟು, ಬಂದವರು ಎಲ್ಲಿ ಕೂರಬೇಕು? ಹೆಂಗಸರು ಒಂದು ಕಡೆ, ಗಂಡಸರು ಬೆಂಕಿಯ ಸುತ್ತ, ಮಣ್ಣು ಮಾಡಿ ಬರುವವರೆಗೂ ಯಾರೂ ಎದ್ದು ಹೋಗುವುದಿಲ್ಲವಂತೆ. ಮದುವೆಗೆ ಜಾಗ ಎಲ್ಲಾದರೂ ಸಿಗುತ್ತದೆ ಮಿಸೆಸ್ ವಸು, ಸಾವಿಗೆ ನಮಗಿರುವುದು ಅದೊಂದೇ ಎಂದಳು.

ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ರೇಗಿದೆ. ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ನೀವು ಮೈಕ್ ಹಿಡಿದು, ಕ್ಯಾಮೆರಾ ಇಟ್ಟು ನಿಂತರೆ, ಮಕ್ಕಳು ಬಸುರಿಯರು ಕೂತ ಕಡೆ, ಮುಂದೆ ಸಾಯುವವರಿಗೆ ಜಾಗ ಬಿಡಿ ಎಂದು ಯಾರು ಎದ್ದು ಹೇಳುತ್ತಾರೆ? ಹೇಳಿದವರ ಮನೆಯಲ್ಲೇ ಮೊದಲ ಬೆಂಕಿ ಹಾಕಬೇಕಾಗುತ್ತದೆ ಎಂದು ಎಲ್ಲರಿಗೂ ಹೆದರಿಕೆ. ಆ ಜಾಗದ ಮೇಲೆ ಚುಕ್ಕಿ ಅಂಟಿಸುವುದಕ್ಕೂ ಕೈ ಬರಲಿಲ್ಲ ಎಂದಳು.

ಧನಂಜಯ, ಇದು ನಮ್ಮ ಜೊತೆಯ ನ್ಯೂಜಿಲೆಂಡ್ ಇಂಜಿನಿಯರುಗಳಿಗೆ ತಿಳಿಯದಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ನೀನು ಯಾರ ಮನೆಯಲ್ಲಿ ಹುಟ್ಟಿದವನು? ಈ ಮನೆ ಕೊಳ್ಳುವಾಗ ಮೆಟ್ಟಿಲು ಕಿರಿದಾಯ್ತು, ನಾಳೆ ಸ್ಟ್ರೆಚರ್ ಇಳಿಸೋದು ಕಷ್ಟ ಎಂದು ನೀನು ಫೋನಿನಲ್ಲಿ ಅಂದದ್ದಕ್ಕೆ ನಿಮ್ಮಮ್ಮ ಮೈಸೂರಿನಿಂದಲೇ ಕಿರುಚಿರಲಿಲ್ಲವೇ, ಥೂ, ಬಿಡ್ತು ಅನ್ನೋ ಮೊದ್ಲು, ಬಿಡ್ತು ಅನ್ನು ಎಂದು? ನೀನು ಏಜೆಂಟನ ಎದುರಿಗೇ ಮೂರು ಸಲ ಬಿಡ್ತು ಬಿಡ್ತು ಎಂದೆ, ಅವನು ಇದೇನೋ ಮನೆ ಕೊಳ್ಳುವ ಮಂತ್ರ ಎಂದುಕೊಂಡ. ಅಂಥ ಮನೆಯಿಂದ ಹೋದವನು ತುಂಬಿದ ಸಭೆಯಲ್ಲಿ ಜನರಿಂದ ಸಾವಿನ ಮಾತು ಆಡಿಸಲು ಹೊರಟೆ. ಅವರು ಆಡಲಿಲ್ಲ ಎಂದು ಒಪ್ಪಿಗೆ ಬರೆದುಕೊಂಡೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಇನ್ನು ಇಲ್ಲಿಯದು ಕೇಳು. ನಮ್ಮ ಬೀದಿಯ ಬಸ್ ತಂಗುದಾಣವನ್ನು ಸ್ವಲ್ಪ ಆಚೆಗೆ ಸರಿಸಬೇಕು ಎಂದು ಕೌನ್ಸಿಲ್‌ನವರು ಯೋಚಿಸಿ ವರ್ಷವಾಗುತ್ತ ಬಂತು. ಮನೆ ಮನೆಗೂ ಕರಪತ್ರ ಹಾಕಿದರು, ಬೀದಿ ಮೂಲೆಯ ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಕೂತರು, ಬಿಸ್ಕತ್ತು ಕೊಟ್ಟರು. ಪಕ್ಕದ ಮನೆಯ ಜೋನ್ ಅಜ್ಜಿ ತನ್ನ ಪೋಸ್ಟ್ ಡಬ್ಬದ ಮೇಲೆ ನೆರಳು ಬೀಳುತ್ತದೆ ಎಂದು ತಕರಾರು ಮಾಡಿದರು. ಅಜ್ಜಿಗೆ ಎಲ್ಲರ ಎದುರು ಮಾತಾಡಲು ಸಂಕೋಚ ಎಂದು ಕೌನ್ಸಿಲ್‌ನ ಹುಡುಗಿ ಮನೆಗೇ ಬಂದು, ಟೀ ಕುಡಿದು, ನೆರಳು ನೋಡಿಕೊಂಡು ಹೋದಳು. ತಂಗುದಾಣ ಇದ್ದಲ್ಲೇ ಇದೆ. ನಾನು ನಗುತ್ತಿಲ್ಲ, ಅಜ್ಜಿಯನ್ನು ಕೇಳಿದ್ದು ಸರಿ. ಆದರೆ ಒಂದು ಪೋಸ್ಟ್ ಡಬ್ಬಕ್ಕೆ ಸಿಕ್ಕ ಮರ್ಯಾದೆ ಚಿಕೊಂಡಿಯ ಸಾವಿರಾರು ಜನರ ಸಾವಿಗೆ ಸಿಗಲಿಲ್ಲ. ಅವರಿಗೆ ಒಂದು ಶನಿವಾರ, ಒಂದು ಹಾಲ್, ಎರಡು ಬಣ್ಣ.

ಇದನ್ನೆಲ್ಲ ಗುರುರಾಜ್‌ಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಪಾಯಿಂಟ್ ಚೆನ್ನಾಗಿದೆ ವಸುಂಧರಾ, ಆದ್ರೆ ರೆಕಾರ್ಡ್‌ನಲ್ಲಿಲ್ವಲ್ಲ, ಕ್ಲೈಂಟ್ ಕಾಯ್ತಾ ಇದ್ದಾರೆ, ಧನಂಜಯ ಅವ್ರೇ ಕ್ಲಿಯರ್ ಮಾಡಿದ್ಮೇಲೆ ನಮ್ದೇನು ಎಂದರು. ಯಾರೋ ಒಬ್ಳು ಟೈಲರ್ ಸ್ಕೈಪ್‌ನಲ್ಲಿ ಹೇಳಿದ್ದನ್ನ ಹಿಡ್ಕೊಂಡು ಡ್ರಾಯಿಂಗ್ ಬದಲಾಯ್ಸೋಕಾಗುತ್ತಾ ಎಂದು ನಕ್ಕರು. ಜನರ ಮಾತು ಕೇಳುವುದೇ ನಮ್ಮ ವಿಶೇಷ ಎಂದು ಕಂಪನಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿರುವುದು ಅವರೇ. ಆ ಗೋಡೆಯ ಕೆಳಗೇ ಕೂತು ನಕ್ಕರು. ಎದ್ದು ಬಂದು ಲಿಫ್ಟಿನಲ್ಲಿ ಒಬ್ಬಳೇ ಅತ್ತೆ. ದುಃಖಕ್ಕಲ್ಲ, ರೋಷಕ್ಕೆ.

ಶೌಚಾಲಯ ಬೇಡ ಎಂದು ಯಾರೂ ಹೇಳುತ್ತಿಲ್ಲ, ಅದನ್ನು ತಿರುಚಬೇಡ. ಎಸ್ನಾತ್ ಆ ವಾರವೇ ಹತ್ತು ಹೆಂಗಸರ ಜೊತೆ ಮಾತಾಡಿದ್ದಾಳೆ. ಅಂಗಡಿ ಸಾಲಿನ ಹಿಂದೆ ಜಾಗವಿದೆ, ಮೂರು ಪೆಟ್ಟಿಗೆ ಅಂಗಡಿಗಳನ್ನು ಆಚೆ ಸರಿಸಿದರೆ ಕಟ್ಟಡ ಹಿಡಿಸುತ್ತದೆ, ಸರಿಸಲು ಅಂಗಡಿಯವರು ಒಪ್ಪಿದ್ದಾರೆ. ಒಬ್ಬನು ಅವಳ ಸ್ವಂತ ತಮ್ಮ, ಅವನನ್ನು ಹೇಗೆ ಒಪ್ಪಿಸಿದಳೋ ಕೇಳಬೇಡ. ನಾನು ನಕ್ಷೆಯಲ್ಲಿ ಅಂಗಡಿಗಳ ಹಿಂದಕ್ಕೆ ಕಟ್ಟಡ ಕೂರಿಸಿ, ಪೈಪಿನ ಇಳಿಜಾರು ಲೆಕ್ಕ ಹಾಕಿ ನೋಡಿದೆ. ಪೈಪು ಸ್ವಲ್ಪ ಉದ್ದವಾಗುತ್ತದೆ, ಕೆಲಸ ಎರಡು ಮೂರು ವಾರ ತಡವಾಗುತ್ತದೆ. ಮಳೆಗೆ ಮುಂಚೆಯೇ ಮುಗಿಯುತ್ತದೆ. ಬೇರೆ ನಕ್ಷೆ ಸಿದ್ಧವಾಗಿದೆ, ನಿನ್ನ ಮಾತೊಂದು ಬೇಕು.

ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತಿದ್ದೂ ಒಂದು ಮಾತು ಹೇಳುತ್ತೇನೆ, ಯಾಕೆಂದರೆ ನನಗೂ ಬಹಳ ದಿನದಿಂದ ಬಂದಿದೆ. ಚಿಕೊಂಡಿಯಲ್ಲಿ ನೀನು ಮಾಡಿದ್ದು ನನಗೆ ಹೊಸದಲ್ಲ. ನಿನ್ನ ಸ್ನೇಹಿತರು ಶಾಂತಾ ಮತ್ತು ಬದರಿನಾಥ್ ಊಟಕ್ಕೆ ಬಂದ ದಿನ ನೆನಪಿದೆಯೇ? ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಲುಸಾಕಾ ಕಾಂಟ್ರ್ಯಾಕ್ಟ್‌ಗೆ ಹೂಂ ಅಂದ್ಬಿಟ್ಟೆ, ವಸು, ನಿಂಗೇನೂ ಅಭ್ಯಂತರ ಇಲ್ಲ ತಾನೆ ಎಂದೆ. ಅತಿಥಿಗಳ ಎದುರು, ಕೈಯಲ್ಲಿ ತುಪ್ಪದ ಬಟ್ಟಲು ಹಿಡಿದುಕೊಂಡು ನಾನೇನು ಹೇಳಬೇಕಿತ್ತು? ಅಭ್ಯಂತರ ಇದೆ ಎಂದರೆ ಗಂಡನ ಏಳಿಗೆಗೆ ಅಡ್ಡ ಬಂದವಳು. ನಾನು ಇನ್ನೊಂದು ಹೋಳಿಗೆ ತರಲು ಒಳಗೆ ಹೋದೆ. ಆಚೆಯಿಂದ ನೀನು, ನೋಡಿದ್ರಾ, ವಸು ಯಾವತ್ತೂ ಹೀಗೇ, ಸಪೋರ್ಟಿವ್ ಎನ್ನುತ್ತಿದ್ದೆ. ನಾನು ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ. ಅವರು ಹೋದ ಮೇಲಾದರೂ, ಮಾರನೆಯ ದಿನವಾದರೂ, ನಾವಿಬ್ಬರೇ ಇರುವಾಗ ಇನ್ನೊಮ್ಮೆ ಕೇಳುತ್ತೀಯ ಎಂದು ಕಾದೆ. ನೀನು ಸೂಟ್‌ಕೇಸ್ ಎಲ್ಲಿದೆ ಎಂದು ಕೇಳಿದೆ.

ಒಂದು ಸಲ ಕೇಳಿ, ಉತ್ತರ ಬರದಿದ್ದರೆ ಅದನ್ನು ನಿನಗೆ ಬೇಕಾದ ಹಾಗೆ ತುಂಬಿಕೊಳ್ಳುವುದು ನಿನ್ನ ಜಾಯಮಾನ. ನನ್ನ ಪಾಲಿಗೆ ಆದದ್ದು ಆಯಿತು. ನಾನು ಕೂಗಾಡಬಹುದಿತ್ತು, ಕೂಗಾಡಲಿಲ್ಲ, ಅದು ನನ್ನ ಕರ್ಮ. ಇದಕ್ಕಾಗಿ ನೀನು ವಾಪಸು ಬಾ ಎಂದು ನಾನು ಕರೆಯುತ್ತಿಲ್ಲ, ಹಾಗೆ ಅಂದುಕೊಂಡು ಮೀಸೆ ತಿರುವಬೇಡ. ಚಿಕೊಂಡಿಯ ಜನರನ್ನು ಮಾತ್ರ ಇನ್ನೊಂದು ಸಲ ಕೇಳು. ಹಾಲ್ ಬೇಡ, ಮೈಕ್ ಬೇಡ, ಚುಕ್ಕಿಗಳನ್ನು ಮನೆಯಲ್ಲೇ ಬಿಟ್ಟು ಹೋಗು. ಎಸ್ನಾತ್‌ಳ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂರು. ಒಬ್ಬೊಬ್ಬರಾಗಿ ಬರುತ್ತಾರೆ, ಅಂಗಿಯ ಗುಂಡಿ ಹಾಕಿಸಿಕೊಳ್ಳುವ ನೆವದಲ್ಲಿ. ಬಾಯಿಬಿಟ್ಟು ಸಾವು ಎನ್ನದೆಯೂ ಹೇಳುತ್ತಾರೆ. ನಿನಗೆ ಗುರುವಾರ ಪೂರ್ತಿ ಇದೆ.

ಆ ಜಾಗದ ಸಂಗತಿ ನಿನಗೆ ಗೊತ್ತಿರಲಿಲ್ಲ ಎಂದೇ ನಂಬಿ ಇಷ್ಟೂ ಬರೆದಿದ್ದೇನೆ. ಗೊತ್ತಿಲ್ಲದೆ ಆದ ತಪ್ಪನ್ನು ತಿದ್ದಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ನಗರಸಭೆಯವರು ಗೊಣಗುತ್ತಾರೆ, ಗುರುರಾಜ್ ಮುಖ ಸಿಂಡರಿಸುತ್ತಾರೆ, ವಾರದಲ್ಲಿ ಎಲ್ಲ ಮರೆತುಹೋಗುತ್ತದೆ. ಕಟ್ಟಡ ಎದ್ದ ಮೇಲೆ ಮಾತ್ರ ಏನೂ ಮಾಡುವ ಹಾಗಿಲ್ಲ. ಅಲ್ಲಿ ಮುಂದೆ ಯಾರಾದರೂ ಹೋದಾಗ ಜನ ಶೌಚಾಲಯದ ಗೋಡೆಗೆ ಒರಗಿ ಅಳಬೇಕಾಗುತ್ತದೆ.

ಊಟ ಸರಿಯಾಗಿ ಮಾಡು. ಪೂರ್ವಿಗೆ ಭಾನುವಾರ ಫೋನ್ ಮಾಡುತ್ತೇನೆ ಎಂದು ಹೇಳಿ ಮಾಡದೆ ಇರಬೇಡ, ಅವಳು ಏನೂ ಅನ್ನುವುದಿಲ್ಲ, ಆದರೆ ಫೋನನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ.

ಇಂತು, ಅಭ್ಯಂತರ ಇರುವ,
ವಸುಂಧರಾ

ಮ.ಬ.: ಕಾಗದ ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನೀನೇ ತಿದ್ದಿಕೊಳ್ಳಲು ದಾರಿಯಿರಲಿ ಎಂದು ಹಾಗೆ ಬರೆದೆ. ಎಸ್ನಾತ್ ನನಗೆ ಇನ್ನೂ ಒಂದು ವಿಷಯ ಹೇಳಿದ್ದಾಳೆ, ದೂರಲು ಅಲ್ಲ, ನಿನ್ನನ್ನು ಹೊಗಳಲು. ಕಳೆದ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾವ ತೀರಿಕೊಂಡಾಗ ನಿನಗೆ ಹೋಗಲಾಗಲಿಲ್ಲ. ನಾನು ಫೋನ್ ಮಾಡಿದರೆ, ನಾನು ಆರಾಮಾಗಿದ್ದೀನಿ, ಕೆಲ್ಸ ಇದೆ ಎಂದು ಇಟ್ಟುಬಿಟ್ಟೆ. ಅವತ್ತು ಸಂಜೆ ಚಿಕೊಂಡಿಯವರು ನಿನ್ನನ್ನು ಕೈ ಹಿಡಿದು ಆ ಜಾಗಕ್ಕೆ ಕರೆದುಕೊಂಡು ಹೋದರಂತೆ. ಬೆಂಕಿ ಹಾಕಿದರಂತೆ. ಮುಖವನ್ನೇ ನೋಡಿರದ ಮುದುಕನಿಗಾಗಿ ಹೆಂಗಸರೆಲ್ಲ ಸೇರಿ ಹಾಡಿದರಂತೆ. ನೀನು ಎಸ್ನಾತ್‌ಳ ಗಂಡನ ಹೆಗಲ ಮೇಲೆ ತಲೆಯಿಟ್ಟು ಅತ್ತೆಯಂತೆ, ಬೆಳಗಾಗುವವರೆಗೂ ಅವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲವಂತೆ. ವೆಂಕಟರಮಣ ಎಂಬ ಹೆಸರನ್ನು ಅವಳು ಇನ್ನೂ ನೆನಪಿಟ್ಟುಕೊಂಡಿದ್ದಾಳೆ, ಒಂದಕ್ಷರ ತಪ್ಪದೆ ಹೇಳಿದಳು. ನಿನ್ನ ಅಪ್ಪನಿಗಾಗಿ ಅಷ್ಟು ಜನ ಕೂತು ಅತ್ತ ನೆಲವನ್ನು ಖಾಲಿ ಜಾಗ ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು ಧನಂಜಯ?